ಯಾರದೋ ಎಡಗೈ

ನಮ್ಮ ಮಾವನವರು ತಮ್ಮ ಎಡಗೈಯನ್ನೇ ಮನೆಯಿಂದ ಹೊರಗೆ ಹಾಕಲು ಹೊರಟಿದ್ದರು ಎಂದರೆ ನೀವು ನಂಬುತ್ತೀರಾ? ಎಂಬತ್ತರ ದಶಕದ ಮಾತು. ಜೇವರ್ಗಿಯ ಮನೆಯಲ್ಲಿ ನಾನು ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಒಳಗೆ ಬಂದರು.

"ತಂಗಿ, ಹಾಸಿಗ್ಯಾಗ ಯಾರದೋ ಕೈ ಅದ, ಅವರಿಗಿ ಕೊಟ್ಟು ಕಳಸ್ರಿ ಅನ್ನಾಕತ್ತಾರ ನಿಮ್ಮ ಮಾವ."

ಮಾವನಿಗೆ ಲಕ್ವ ಹೊಡೆದು ತಿಂಗಳಾಗಿತ್ತು. ದೇವರ ದಯೆ, ಮಾತು ಉಳಿದಿತ್ತು; ತುಸು ಹೆಚ್ಚೇ ಉಳಿದಿತ್ತು. ಕೈಗೂ ಶಕ್ತಿ ಮರಳುತ್ತಿತ್ತು. ಆದರೆ ಅವರ ಪಾಲಿಗೆ ಎಡಬದಿ ಎಂಬುದೇ ಇರಲಿಲ್ಲ. ತಾಟಿನ ಬಲಭಾಗವಷ್ಟೇ ಉಂಡು, "ಅರ್ಧಾ ರೊಟ್ಟಿ ನೀಡಿ ಉಪವಾಸ ಕೆಡವತೀರೇನ್?" ಎಂದು ಗದರುವರು. ನಾನು ಮೆಲ್ಲಗೆ ತಾಟು ತಿರುಗಿಸಿದರೆ, "ಹಾಂ, ಈಗ ಬುದ್ಧಿ ಬಂತು" ಎನ್ನುವರು. ಅರ್ಧವೇ ಗಡ್ಡ ಬೋಳಿಸಿಕೊಂಡು, ಬಂದವರಿಗೆ ಅಚ್ಚುಕಟ್ಟುತನ ಬೋಧಿಸುವರು!

ಇದೆಲ್ಲ ನಗುವ ಮಾತು. ಅಳುವ ಮಾತು ಒಂದೇ: ಪೂಜೆ ನಿಂತಿತ್ತು. ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜಿಸುವುದೇ ಅವರ ಉಸಿರು. ಈಗ, "ಬ್ಯಾರೆಯವರ ಕೈಮ್ಯಾಗ ನನ್ನ ಲಿಂಗ ಇಡಂಗಿಲ್ಲ" ಎಂಬ ಹಟ. ಪೂಜೆಯಿಲ್ಲದ ಊಟ ಗಂಟಲಲ್ಲಿ ಇಳಿಯದು. ತುತ್ತು ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಗುಲ್ಬರ್ಗಾದ ಡಾಕ್ಟರು ಹೇಳಿದರು: "ಇದಕ ಗುಳಿಗಿ ಇಲ್ರಿ. ಮಿದುಳು ಎಡಗಡಿ ಮರ್ತದ. ತಾಟು ತಿರಗಸಬ್ಯಾಡ್ರಿ, ಅವರ ಕುತ್ತಿಗಿ ತಿರಗಸ್ರಿ. ಎಡಕ್ಕ ಕುಂತು ಮಾತಾಡ್ರಿ. ಆ ಕೈಗಿ ಕೆಂಪು ಅರಿವಿ ಕಟ್ಟಿ ಹುಡಕಸ್ರಿ."

ಅತ್ತೆ ಕೆಂಪು ಕುಬಸದ ಬಟ್ಟೆಯ ಚೂರನ್ನು ಮಾವನ ಮಣಿಕಟ್ಟಿಗೆ ಕಟ್ಟಿ, ಎಡಗಡೆ ಮಣೆ ಹಾಕಿ ಕುಳಿತರು. ಚಹಾ, ವಿಭೂತಿ, ಬೈಗುಳ, ಎಲ್ಲವೂ ಎಡದಿಂದಲೇ.

"ಎಲ್ಲಿ ಹೋದ್ಳು ಈಕಿ?"

"ಕೆಂಪು ಅರಿವಿ ಹುಡಕ್ರಿ, ಅದರ ಬಾಜೂಕ ಅದೀನಿ."

"ಕಟ್ಕೊಂಡಾಕಿನ್ನ ಈ ವಯಸ್ಸಿನ್ಯಾಗ ಹುಡಕಬೇಕೇನು?"

"ಮೊದಲ ಸಲ ನಿಮ್ಮಪ್ಪ ಹುಡಕಿದ್ರು. ಈ ಸಲ ನೀವ ಹುಡಕ್ರಿ."

ವಾರಗಳು ಕಳೆದವು. ಕುತ್ತಿಗೆ ಬೆರಳಷ್ಟು ಬೆರಳಷ್ಟೇ ತಿರುಗಿತು. ಮೊದಲು ತಾಟಿನ ಎಡಕ್ಕಿದ್ದ ಬದನೆಕಾಯಿ ಪಲ್ಯ ಸಿಕ್ಕಿತು, ಆಮೇಲೆ ಎಡ ಮೀಸೆ. ಒಂದು ಸೋಮವಾರ ಅತ್ತೆ ಅವರ ಎಡಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ಕಾದರು. ನಾನು ಪತ್ರೆಯ ಬುಟ್ಟಿ ಹಿಡಿದು ನಿಂತಿದ್ದೆ. ಮಾವ ತಿರುಗಿದರು. ಬಹಳ ಹೊತ್ತು ನೋಡಿದರು.

"ಇಲ್ಲಿ ಎರಡು ಕೈ ಅದಾವ," ಎಂದರು. "ಕೆಳಗಿಂದು ನಿಂದು. ಮಣಿಕಟ್ಟಿನ್ಯಾಗ ಹಂಚು ಸುಟ್ಟ ಕಲೆ ಅದ, ನಾ ಬಲ್ಲೆ. ಹಂಗಾರ ಮ್ಯಾಲಿಂದು ನಂದೇ ಇರಬೇಕು."

ಬಲಗೈಯಿಂದ ಲಿಂಗವನ್ನೆತ್ತಿ ಅದರ ಮೇಲಿಟ್ಟರು. ಅತ್ತೆ ತಮ್ಮ ಕೈ ತೆಗೆಯಲಿಲ್ಲ. ತೆಗೆ ಎಂದು ಮಾವನೂ ಹೇಳಲಿಲ್ಲ.

ನಾನು ಒಳಗೆ ಹೋಗಿ, ಎರಡು ರೊಟ್ಟಿಯ ಹಿಟ್ಟು ಹೆಚ್ಚಿಗೆ ನಾದಿದೆ.