ಎಂಟನೇ ಖಿಲ್ಲಾ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕೈಲಾಶ ಎಂಟನೇ ಖಿಲ್ಲಾದ ಬಾಗಿಲಿಗೆ ಬಂದು ಮುಟ್ಟಿದ. ಇಪ್ಪತ್ತೇಳು ವರ್ಷಗಳಲ್ಲಿ ಇದೇ ಮೊದಲು.

ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಬೀದರಿನ ಆ ಓಣಿಯಲ್ಲಿ ಮೊದಲು ಬಂದದ್ದು ಅವನ ಮನೆಗೇ. ಅವನಾಗ ಎಂಟನೇ ಇಯತ್ತೆ. ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ ಯಾವ ದೇಶದ ಲಿಪಿಯಿತ್ತೋ ಏನೋ, ಓದಲು ಬಾರದ ಹುಡುಗರು ಆಟಕ್ಕೆ ‘ಎಂಟು ಖಿಲ್ಲಾ’ ಎಂದು ತಾವೇ ಹೆಸರಿಟ್ಟಿದ್ದರು. ಬೆರಳುದ್ದದ ಒಬ್ಬ ಸಿಪಾಯಿ ಹಾರುತ್ತ, ಕುಪ್ಪಳಿಸುತ್ತ ಎಂಟು ಕೋಟೆ ದಾಟಬೇಕು. ಕೈಲಾಶನ ಸಿಪಾಯಿ ಪ್ರತಿ ಸಲವೂ ಆರನೇ ಕೋಟೆಯ ಕಂದಕದಲ್ಲಿ ಬಿದ್ದು ಸಾಯುತ್ತಿದ್ದ. ಮುಂದೆ ಕೈಲಾಶ ದೊಡ್ಡವನಾದ, ಭಾಲ್ಕಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ, ಮದುವೆಯಾದ, ತಲೆಯ ಮುಂಭಾಗದ ಕೂದಲನ್ನೂ ಕಳೆದುಕೊಂಡ. ಸಿಪಾಯಿ ಮಾತ್ರ ಕಂದಕ ಬಿಟ್ಟು ಮೇಲೆ ಬರಲಿಲ್ಲ. ಹೋದ ತಿಂಗಳು ಸುಣ್ಣ ಬಳಿಸಲು ಸಾಮಾನು ಸರಿಸಿದಾಗ ಆ ಗೇಮಿನ ಡಬ್ಬಿ ಮತ್ತೆ ಕೈಗೆ ಸಿಕ್ಕಿತ್ತು. ಅಂದಿನಿಂದ ಕೈಲಾಶ ಕಚೇರಿಯಲ್ಲಿ ಕಡತದ ಮೇಲೆ ಕೈಯಿಟ್ಟರೂ ಹೆಬ್ಬೆರಳು ತಾನೇ ಕುಣಿಯುತ್ತಿತ್ತು.

“ಏಳ್ತೀರೋ ಇಲ್ಲೋ?” ಹೆಂಡತಿ ಆಮ್ರಪಾಲಿ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. “ಔರಾದದಾಗ ನನ್ನ ತಮ್ಮನ ನಿಶ್ಚಯ ಅದ. ದೊಡ್ಡ ಅಳಿಯ ಆಗಿ ಇಲ್ಲಿ ಕುಂತು ಬಟನ್ ಒತ್ಲಕತ್ತೀರಿ.”

“ಒಂದೇ ಖಿಲ್ಲಾ ಉಳದದ. ಒಂದೇ ಜೀವಾನೂ ಉಳದದ.”

“ನಾ ಬಿಟ್ಟು ಹೋದ್ರ ನಿಮ್ಮ ಜೀವಾನೂ ಉಳಿಯಂಗಿಲ್ಲ, ಏಳ್ರಿ.”

ಕೈಲಾಶ ಆಟವನ್ನು ನಿಲ್ಲಿಸುವ ಗುಂಡಿ ಒತ್ತಿದ. ಸಿಪಾಯಿ ಒಂದು ಕಾಲೆತ್ತಿಕೊಂಡೇ ನಿಂತ. ಸಂಕಟವೆಂದರೆ, ಆ ಹಳೇ ಯಂತ್ರಕ್ಕೆ ನೆನಪಿನ ಶಕ್ತಿಯೇ ಇಲ್ಲ. ಒಂದು ಕ್ಷಣ ಕರೆಂಟ್ ಹೋದರೂ ಎಲ್ಲ ಅಳಿಸಿ, ಮತ್ತೆ ಮೊದಲನೇ ಕೋಟೆಯಿಂದ ಶುರು. ಭಾನುವಾರವೆಂದರೆ ಲೈನ್ ರಿಪೇರಿಯ ದಿನ ಬೇರೆ.

ಅವನು ಪಕ್ಕದ ಮನೆಗೆ ಓಡಿದ. ಅಲ್ಲಿ ನಿವೃತ್ತ ಗಣಿತ ಮಾಸ್ತರ್ ಭಾಲಚಂದ್ರ ಇದ್ದರು. ಹೊಸ ಇನ್ವರ್ಟರ್ ತಂದ ದಿನದಿಂದ ಅವರು ಕರೆಂಟ್ ಹೋಗುವುದನ್ನೇ ಅಳಿಯನ ದಾರಿ ಕಾಯುವಂತೆ ಕಾಯುತ್ತಿದ್ದರು. ಸಂಗತಿ ಕೇಳಿದ್ದೇ ತಡ, ಕಾಂಪೌಂಡ್ ಗೋಡೆಯ ಮೇಲಿನಿಂದ ವಾಯರ್ ಎಳೆದು, ನಡುವೆ ಒಂದು ಕ್ಷಣವೂ ಕರೆಂಟ್ ಕಡಿಯದಂತೆ ಕೈಲಾಶನ ಟೀವಿಗೂ ಗೇಮಿಗೂ ಜೋಡಿಸಿಯೇಬಿಟ್ಟರು.

“ನೀವು ನಿಶ್ಚಿಂತಿಯಿಂದ ಹೋಗ್ರಿ ಕೈಲಾಶ. ಇದು ಈಗ ನನ್ನ ಜವಾಬ್ದಾರಿ. ತಾಸಿಗೊಮ್ಮೆ ವರದಿ ಕೊಡ್ತೇನಿ.”

ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದ ತಾಯಿ ಭಾಗೀರಥಿಬಾಯಿಗೆ ಕೈಲಾಶ ಮೂರು ಸಲ ಹೇಳಿದ: “ಅವ್ವಾ, ಇದನ್ನ ಮುಟ್ಟಬ್ಯಾಡ. ಟೀವಿ ಬಂದ್ ಮಾಡಬ್ಯಾಡ.”

“ನನ್ನ ಧಾರಾವಾಹಿ?”

“ಇವತ್ತೊಂದಿನ ಬಿಡು.”

“ಹಾಂಗಾರ ಈ ಕಾಲೆತ್ತಿ ನಿಂತವನ ಮಾರಿ ನೋಡ್ಕೋತ ಕೂಡ್ಲೇನು ದಿನಾ ಪೂರ್ತಿ?” ಎಂದು ಅವಳು ಗೊಣಗಿದಳು.

ಬಸ್ಸು ಜನವಾಡ ದಾಟುತ್ತಿದ್ದಂತೆ ಮಾಸ್ತರರ ಮೊದಲ ವರದಿ ಬಂತು. ಕರೆಂಟ್ ಹೋಗಿತ್ತು. ಇನ್ವರ್ಟರ್ ತಕ್ಷಣ ಹಿಡಿದುಕೊಂಡಿತ್ತು. “ಕಣ್ಣು ಪಿಳುಕಿಸಿದಷ್ಟೂ ಹೊತ್ತಾಗಲಿಲ್ಲರಿ!” ಎಂದು ಮಾಸ್ತರರು ಮೊಮ್ಮಗ ಹುಟ್ಟಿದ ದನಿಯಲ್ಲಿ ಹೇಳಿದರು. ಸಂತಪುರದಲ್ಲಿ ಎರಡನೆಯದು ಬಂತು. ಗೇಮಿನ ಅಡಾಪ್ಟರ್ ಕಾದು ಹಂಚಾಗಿದೆ, ಎದುರುಮನೆಯ ಮುನವ್ವರ ಬೇಗಂ ಒದ್ದೆ ಬಟ್ಟೆ ಹಿಡಿದು ನಿಂತಿದ್ದಾರೆ. ಬಸ್ಸಿನಲ್ಲಿ ಕೂತೇ ಕೈಲಾಶ ಒದ್ದೆ ಬಟ್ಟೆ ಬೇಡವೆಂದು ಅಂಗಲಾಚಿದ. ಆಮ್ರಪಾಲಿ ಕಿಟಕಿಯ ಕಡೆ ಮುಖ ತಿರುಗಿಸಿ, ಇವನು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಕೂತಳು.

ಔರಾದದಲ್ಲಿ ಹುಡುಗಿಯ ಮನೆಯ ಮುಂದೆ ಸಣ್ಣ ಪೆಂಡಾಲ್. ಹುಡುಗಿಯ ತಂದೆ ಪಂಢರಿ ಎರಡು ಕ್ರೂಸರ್ ಗಾಡಿಗಳ ಮಾಲೀಕ. ದನಿ ದೊಡ್ಡದು, ಮನಸ್ಸು ಬೆಣ್ಣೆ. ‘ಜೈ ಭೀಮ್’ ಎಂದು ಎದೆಗವಚಿಕೊಂಡು ಕೈಲಾಶನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ. ಎಲ್ಲರೂ ಕೈಮುಗಿದರು. ಬುದ್ಧವಂದನೆ ಶುರುವಾಗಿ, ಪೆಂಡಾಲೆಲ್ಲ ಶಾಂತವಾದ ಹೊತ್ತಿಗೆ ಸರಿಯಾಗಿ ಕೈಲಾಶನ ಜೇಬು ಬಡಕೊಂಡಿತು. ಅವನು ಫೋನನ್ನು ಕೋಳಿಮರಿಯ ಹಾಗೆ ಅಂಗಿಯೊಳಗೆ ಅವುಚಿಕೊಂಡು ಪೆಂಡಾಲಿನ ಹಿಂದೆ ಓಡಿದ.

“ಕೈಲಾಶ, ಸುದ್ದಿ ಛಲೋ ಇಲ್ಲ. ಕರೆಂಟ್ ಇನ್ನ ಬಂದಿಲ್ಲ, ಇನ್ವರ್ಟರ್ ದಮ್ಮು ಕಡಿಮಿ ಆಗ್ಲಕತ್ತದ,” ಎಂದರು ಮಾಸ್ತರರು.

“ಮಾಸ್ತರ್, ಏನಾದರೂ ಮಾಡ್ರಿ, ಒಂದೇ ಜೀವ ಉಳದದ!” ಕೈಲಾಶ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡ. “ಮೈ ಇನ್ನೂ ಹಾಂಗೇ ಸುಡ್ತದೇನು? ಫ್ಯಾನ್ ಹಚ್ಚಿದ್ರ ಕರೆಂಟ್ ಸಾಲಂಗಿಲ್ಲ, ಕೈಲೇ ಗಾಳಿ ಹಾಕ್ರಿ. ಆ ವಾಯರ್ ಯಾರೂ ಕೀಳಬಾರದು. ವಾಯರ್ ಕಿತ್ತಿದ್ರ ಅಲ್ಲಿಗೇ ಮುಗೀತು. ನಾ ಬರೋತನಕ ಹ್ಯಾಂಗಾರ ಮಾಡಿ ಹಿಡದಿಡ್ರಿ!”

ಫೋನಿಟ್ಟು ತಿರುಗಿದರೆ ಹಿಂದೆ ಪಂಢರಿ. ಅಡುಗೆಯವರಿಗೆ ಏನೋ ಹೇಳಲು ಬಂದವನು ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದ. ಅವನ ಕಣ್ಣಲ್ಲಿ ನೀರು.

“ನಿಮ್ಮವ್ವ ಬಂದಿಲ್ಲ ಅಂದಾಗೇ ನನಗ ಸಂಶಯ ಬಂದಿತ್ರಿ,” ಎಂದ.

“ಅವ್ವ ಅಲ್ರಿ, ಅದು…” ಕೈಲಾಶ ಬಾಯಿ ತೆರೆದ. ಎದುರಿಗೆ ಬೀಗರು. ತಾನು ನಲವತ್ತೊಂದು ವರ್ಷದ ದೊಡ್ಡ ಅಳಿಯ, ಸರ್ಕಾರಿ ನೌಕರ. ವಿಡಿಯೋ ಗೇಮ್ ಎಂಬ ಮಾತು ನಾಲಿಗೆಯ ತುದಿಗೆ ಬಂದು ಒಣಗಿಹೋಯಿತು. “ಅಷ್ಟೇನಿಲ್ರಿ,” ಎಂದ ಸಣ್ಣಗೆ.

“ನನ್ನ ಮುಂದ ಮುಚ್ಚಿಡಬ್ಯಾಡ್ರಿ. ನಮ್ಮವ್ವ ಹೋದಾಗ ನಾ ಪುಣೆದಾಗಿದ್ದೆ. ಮಾರಿ ಸುದ್ದಾ ನೋಡ್ಲಕ್ಕ ಸಿಗಲಿಲ್ಲ. ನಿಮಗ ಹಾಂಗ ಆಗ್ಲಕ್ಕ ನಾ ಬಿಡಂಗಿಲ್ಲ!”

ಮುಂದಿನದೆಲ್ಲ ಕೈಲಾಶನ ಕೈಮೀರಿ ನಡೆಯಿತು. ಸುದ್ದಿ ಪೆಂಡಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಭಾಗೀರಥಿಬಾಯಿಯ ಮೂಗಿಗೆ ನಳಿಕೆ ಬಂದಿತ್ತು. ಅದು ಹಿಂದಿರುಗುವಷ್ಟರಲ್ಲಿ ಡಾಕ್ಟರರು ಕೈಚೆಲ್ಲಿದ್ದರು. ಉಂಗುರಗಳನ್ನು ಬಸ್ಸಿನ ಟಿಕೀಟು ಕೊಟ್ಟ ಹಾಗೆ ಕೊಟ್ಟು ತೆಗೆದುಕೊಂಡದ್ದಾಯಿತು. ಊಟದ ಪಾತ್ರೆಗಳ ಮುಚ್ಚಳ ತೆಗೆಯಲೇ ಇಲ್ಲ. ಆಮ್ರಪಾಲಿಗೆ ಗಂಡನ ಮುಖ ನೋಡಿದ ಕೂಡಲೇ ಎಲ್ಲ ತಿಳಿಯಿತು. ಆದರೆ ತಮ್ಮನ ಅತ್ತೆಮನೆಯವರ ಎದುರು ಅವಳಾದರೂ ಏನು ಹೇಳಿಯಾಳು? ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೊಸೆಯ ದುಃಖ ಕಂಡು ಹೆಂಗಸರೆಲ್ಲ ಮರುಗಿದರು.

ಗಂಡ ಹೆಂಡತಿಯ ಜೊತೆ ಔರಾದದ ಹದಿನಾಲ್ಕು ಮಂದಿಯನ್ನು ತುಂಬಿಕೊಂಡು ಕ್ರೂಸರ್ ಬೀದರಿಗೆ ಹೊರಟಿತು. ಪಂಢರಿಯೇ ಗಾಡಿ ಓಡಿಸಿದ. ಆಮ್ರಪಾಲಿ ಗಂಡನ ತೊಡೆಯನ್ನು ಜನವಾಡದವರೆಗೂ ಚಿವುಟಿ ಹಿಡಿದಿದ್ದಳು. ನೋವಿಗೆ ಅವನ ಕಣ್ಣಲ್ಲಿ ನೀರು ಬಂದಾಗ, ಹಿಂದೆ ಕೂತ ಮುದುಕರೊಬ್ಬರು ಬೆನ್ನು ಸವರಿ, “ಗಟ್ಟಿ ಆಗಬೇಕಪಾ,” ಎಂದರು. ಮಾಸ್ತರರ ಫೋನು ಹತ್ತುತ್ತಿರಲಿಲ್ಲ.

ಓಣಿಗೆ ಬಂದಾಗ ಕೈಲಾಶನಿಗೂ ಎದೆ ಧಸಕ್ಕೆಂದಿತು. ಮನೆ ಮುಂದೆ ಚಪ್ಪಲಿಗಳ ರಾಶಿ. ಬಾಗಿಲ ತುಂಬ ಜನ, ಎಲ್ಲರೂ ಒಳಗೆ ಇಣುಕುತ್ತ ನಿಂತಿದ್ದರು. ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ಪಂಢರಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಔರಾದದ ಹೆಂಗಸರು ಸೆರಗು ಕಣ್ಣಿಗೆ ಒಯ್ದರು.

ಅಷ್ಟರಲ್ಲಿ ಒಳಗಿಂದ ಭೋರೆಂದು ಚಪ್ಪಾಳೆ!

ಕೈಲಾಶ ಜನರನ್ನು ನೂಕಿಕೊಂಡು ಒಳಗೆ ನುಗ್ಗಿದ. ಗೋಡೆಯಾಚೆ ಇನ್ವರ್ಟರ್ ‘ಕುಂಯ್’ ಎಂದು ಕೊನೆಯ ಸಲ ಕೂಗಿತು. ಅವನ ಕಣ್ಣೆದುರೇ ಟೀವಿ ಕಪ್ಪಾಯಿತು. ಭಾಗೀರಥಿಬಾಯಿ ಮೊಣಕಾಲಿಗೆ ದಿಂಬು ಕೊಟ್ಟುಕೊಂಡು, ಗೇಮಿನ ರಿಮೋಟ್ ಹಿಡಿದು ಕೂತಿದ್ದಳು.

“ಬಂದಿ? ಎರಡು ನಿಮಿಷ ಮೊದಲ ಬರಬೇಕಿತ್ತು ನೋಡು,” ಎಂದಳು. “ಇನ್ವರ್ಟರ್ ಹೋಗ್ತದಂತ ಮಾಸ್ತರ್ ಹೇಳಿದ್ರು. ನಿನ್ನ ಇಷ್ಟು ವರ್ಷದ ಮೆಹನತ್ ನೀರಾಗ ಹೋಗಬಾರದಲ್ಲ? ಅದಕ ನಾನೇ ಮುಗಿಸಿಬಿಟ್ಟೆ.”

“ಏನು ಮುಗಿಸಿದಿ?”

“ಎಂಟನೇ ಖಿಲ್ಲಾ. ಮತ್ತೇನು?”

“ಒಂದೇ ಜೀವದಾಗ?” ಎಂದ ಕೈಲಾಶ. ಮಾಸ್ತರರು ಕಣ್ಣರಳಿಸಿ ಒಂದು ಬೆರಳೆತ್ತಿ ತೋರಿಸಿದರು.

ಕೈಲಾಶ ಗೋಡೆಗೆ ಒರಗಿದ. “ಅವ್ವಾ, ನಿನಗ ಇದು ಆಡ್ಲಕ್ಕ ಹ್ಯಾಂಗ ಬರ್ತದ?”

ಭಾಗೀರಥಿಬಾಯಿ ಮುನವ್ವರ ಬೇಗಮ್ಮರ ಮುಖ ನೋಡಿದಳು. ಬೇಗಂ ದುಪಟ್ಟಾದೊಳಗೆ ನಕ್ಕರು.

“ನೀ ಸಾಲಿಗಿ ಹೋದ ಮ್ಯಾಲ ನಾವಿಬ್ಬರೂ ದಿನಾ ಮಧ್ಯಾಹ್ನ ಆಡ್ತಿದ್ದೆವು ಬೇಟಾ,” ಎಂದರು ಬೇಗಂ. “ಎಷ್ಟು ಸಲ ಮುಗಿಸೇವೋ ನೆನಪಿಲ್ಲ. ನಿನಗ ಬರಂಗಿಲ್ಲ ಅಂತ ಗೊತ್ತಿತ್ತು. ಮನಸಿಗಿ ಹಚ್ಚಿಕೋತೀ ಅಂತ ನಿಮ್ಮವ್ವ ಹೇಳ್ಲಕ್ಕ ಬಿಡಲಿಲ್ಲ.”

ಕೈಲಾಶನಿಗೆ ಅಲ್ಲೇ ಕೂರಬೇಕೆನಿಸಿತು. ಕೂರಲು ಜಾಗವಿರಲಿಲ್ಲ. ಔರಾದದ ಹದಿನಾಲ್ಕೂ ಮಂದಿ ಒಳಗೆ ಬಂದು, ಮೂಗಿನಲ್ಲಿ ನಳಿಕೆಯಿಲ್ಲದ ಭಾಗೀರಥಿಬಾಯಿಯನ್ನು ಕಣ್ಣು ಬಿಟ್ಟು ನೋಡುತ್ತಿದ್ದರು. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಆಮ್ರಪಾಲಿ ತಲೆ ತಗ್ಗಿಸಿ ಪಂಢರಿಗೆ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದಳು.

ಪಂಢರಿ ಕಪ್ಪಾದ ಟೀವಿಯನ್ನೊಮ್ಮೆ, ಭಾಗೀರಥಿಬಾಯಿಯನ್ನೊಮ್ಮೆ ನೋಡಿದ. ಆಮೇಲೆ ಟೊಪ್ಪಿಗೆ ಹಾಕಿಕೊಂಡು, ಭಾಗೀರಥಿಬಾಯಿಯ ಕಾಲು ಮುಟ್ಟಿ, ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

“ಜೀವಂತ ಇದ್ದೀರಲ್ರಿ ಅವ್ವಾ, ನನಗ ಅಷ್ಟು ಸಾಕು,” ಎಂದ. “ಇದಕ್ಕ ಇನ್ನೊಂದು ರಿಮೋಟ್ ಅದ ಏನ್ರಿ?”

ಅಷ್ಟು ಹೊತ್ತಿಗೆ ಕರೆಂಟೂ ಬಂತು. ಎಲ್ಲರೂ ಟೀವಿಯ ಮುಂದೆ ಸರಿದು ಕೂತರು.

“ಅವ್ವಾ, ಕೊನೀಗಿ ಏನ್ ಬಂತು, ಅಷ್ಟಾದರೂ ಹೇಳು,” ಎಂದ ಕೈಲಾಶ.

“ಹೇಳಿದ್ರ ನಿನಗ ಆಡೋ ಮಜಾ ಹೋಗ್ತದಪಾ. ನಾಳಿಂದ ಮತ್ತ ಶುರು ಮಾಡು, ನಾ ಕಲಸ್ತೇನಿ.”

ಆಮ್ರಪಾಲಿ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಒಂದು ಬುಟ್ಟಿ ಉಳ್ಳಾಗಡ್ಡಿ ಮುಂದಿಟ್ಟಳು. “ಉಪವಾಸ ಬಂದಾರ, ಹದಿನಾಕು ಮಂದಿ. ಹೆಚ್ಚರಿ.”

ಕೈಲಾಶ ಹೆಚ್ಚತೊಡಗಿದ. ಹೊರಗೆ ಸಿಪಾಯಿ ಹಾರುವ ಸದ್ದು, ಬೀಳುವ ಸದ್ದು, ನಗೆ. ಐದನೇ ಉಳ್ಳಾಗಡ್ಡಿಗೆ ಬಂದಾಗ ಪಂಢರಿಯ ದೊಡ್ಡ ದನಿ ಕೇಳಿಸಿತು: “ಅಲ್ರಿ ಅವ್ವಾ, ನನಗಂತೂ ಅಷ್ಟು ದೂರ ಮುಟ್ಟೋದು ಆಗಂಗಿಲ್ಲ. ಕೊನೀಗಿ ಏನ್ ಬರ್ತದ, ನನಗ ಹೇಳಿಬಿಡ್ರಿ.”

“ನಿಮಗ ಹೇಳ್ಲಕ್ಕೇನ್ರಿ,” ಎಂದಳು ಭಾಗೀರಥಿಬಾಯಿ.

ಕೈಲಾಶ ಚಾಕು ಕೆಳಗಿಟ್ಟು, ಬಾಗಿಲಿಗೆ ಕಿವಿಯಿಟ್ಟ. ಅವಳು ಹೇಳತೊಡಗಿದಳು. ಅದೇ ಕ್ಷಣಕ್ಕೆ ಒಲೆಯ ಮೇಲಿನ ಕುಕ್ಕರ್ ಉದ್ದನೆಯ ಸೀಟಿ ಹೊಡೆಯಿತು. ಅದು ನಿಂತಾಗ ಹೊರಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.