ಗೋಡೆಗೊಂದು ತೂತು, ಹೆಗಲಿಗೊಂದು ತಲೆ

ಮನೆಯಲ್ಲಿ ಬೆಂಕಿ ಆರಿದರೆ ಗಂಡನ ಬೆಲೆಯೂ ಆರುತ್ತದೆ. ಇದು ಅನುಭವದ ಮಾತು. ಇಂಗ್ಲೆಂಡಿನ ಕೀತ್ಲಿಯ ನಮ್ಮ ಈ ಸಾಲುಮನೆಯಲ್ಲಿ ಕಲ್ಲಿದ್ದಲಿನ ಅಗ್ಗಿಷ್ಟಿಕೆ ಇದ್ದಷ್ಟು ದಿನ, ಸಂಜೆಯಾದರೆ ನನ್ನ ಹೆಂಡತಿ ಮ್ಯೂರಿಯಲ್ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಒಂದೇ ಕಂಬಳಿ, ನಾಲ್ಕು ಪಾದ. ಆಮೇಲೆ ಮಾಡು ರಿಪೇರಿಗೆ ಬಂದವರು ಚಿಮಣಿ ಕಿತ್ತುಹಾಕಿದರು, ಗೋಡೆಗಳಿಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್‌ಗಳು ಬಂದವು. ಅವುಗಳಲ್ಲಿ ನೆಟ್ಟಗೆ ಕಾಯುವುದು ಅಡುಗೆಮನೆಯದೊಂದೇ. ಅದಕ್ಕೆ ಬೆನ್ನು ಕೊಟ್ಟು ಪದಬಂಧ ಬಿಡಿಸುತ್ತಾ ಕೂತ ಮ್ಯೂರಿಯಲ್ ಇಪ್ಪತ್ತು ವರ್ಷವಾದರೂ ಎದ್ದಿಲ್ಲ. ನಾನು ಮುಂದಿನ ಕೋಣೆಯಲ್ಲಿ ಟಿವಿ ಜೊತೆ ಸಂಸಾರ ಮಾಡುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಗೊಣಗುವುದನ್ನು ಕೇಳಬೇಕೆಂದು ನನಗೆ ಎಷ್ಟು ಆಸೆಯಾಗುತ್ತಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆ. (ಬಸ್ಸು ಓಡಿಸಿ ನಿವೃತ್ತನಾದ ಗಂಡಸು ನಾನು.)

ಅದಕ್ಕೇ ಚಿಮಣಿಯೇ ಬೇಡದ ಗ್ಯಾಸ್ ಅಗ್ಗಿಷ್ಟಿಕೆ ತಂದೆ. ಕೂರಿಸಲು ಎರಡು ಬೀದಿ ಆಚೆಯ ಶಬ್ಬೀರ್ ಬಂದ. ಪರವಾನಗಿ ಇರುವ ಗ್ಯಾಸ್ ಮಿಸ್ತ್ರಿ, ಮಹಾ ಶಿಸ್ತಿನವನು. ಕೋಣೆಯ ಉದ್ದಗಲ ಅಳೆದ. ಬಣ್ಣ ಮೆತ್ತಿಕೊಂಡು ವರ್ಷಗಟ್ಟಲೆ ತೆರೆಯದ ಕಿಟಕಿಯನ್ನು ನನ್ನ ಕೈಯಲ್ಲೇ ಬಿಡಿಸಿದ. ಕಪಾಟಿನ ಮೇಲೆ ವಿಷಗಾಳಿ ತುಂಬಿದರೆ ಕೂಗುವ ಅಲಾರಂ ಇಟ್ಟ. ಕೊನೆಗೆ ಹೊರಗೋಡೆಯ ಬುಡದಲ್ಲಿ ಅಂಗೈಯಗಲ ಗುಂಡಗೆ ಗೆರೆ ಎಳೆದ.

"ಇದೇನು?" ಎಂದಳು ಮ್ಯೂರಿಯಲ್.

"ತೂತು ಅಮ್ಮಾ. ಚಿಮಣಿ ಇಲ್ವಲ್ಲ, ಉರಿದದ್ದೆಲ್ಲ ಕೋಣೇಲೇ ಉಳಿಯುತ್ತೆ. ಹೊರಗಿನ ಗಾಳಿ ಹಗಲೂ ರಾತ್ರಿ ಬರ್ತಾ ಇರ್ಬೇಕು. ಇದನ್ನ ಯಾವತ್ತೂ ಮುಚ್ಚೋ ಹಾಗಿಲ್ಲ."

"ಬೆಚ್ಚಗಿರೋಕೆ ಒಲೆ, ಒಲೆಗೋಸ್ಕರ ಗೋಡೆಗೆ ತೂತು! ಹೆಡ್ಲಿ, ನಿನ್ನ ತಲೇಲಿ ಆಗ್ಲೇ ಒಂದಿತ್ತಲ್ಲ, ಸಾಲ್ದಾ?" ಎಂದು ನನ್ನ ಕಡೆ ತಿರುಗಿದಳು.

ನಮ್ಮ ಸೀಮೆಯವರಿಗೆ ಸಂದಿಗಾಳಿಗಿಂತ ದೊಡ್ಡ ಶತ್ರುವಿಲ್ಲ. ನಮ್ಮತ್ತೆ ಹೃದಯಾಘಾತವಾಗಿ ಹೋದರು, ಆದರೆ ಅಪವಾದ ಇವತ್ತಿಗೂ ಹಿತ್ತಿಲ ಬಾಗಿಲ ಸಂದಿನ ಮೇಲೆಯೇ. ಪ್ರತಿ ಬಾಗಿಲ ಬುಡಕ್ಕೂ ಮ್ಯೂರಿಯಲ್ ಗಾಳಿ ತಡೆಯಲು ಬಟ್ಟೆ ತುಂಬಿದ ಹಾವೊಂದನ್ನು ಹೊಲಿದು ಮಲಗಿಸಿದ್ದಾಳೆ. ಅಂಥವಳ ಮನೆಗೆ ಶಬ್ಬೀರ್ ತೂತು ಕೊರೆದು ಹೋದ.

ಬೆಂಕಿ ಹತ್ತಿತು. ಮ್ಯೂರಿಯಲ್ ಬಂದು ಕೂತಳು! ಕೂತು ಮೂರೇ ನಿಮಿಷಕ್ಕೆ, "ಮುಖ ಸುಡ್ತಿದೆ, ಕಣಕಾಲು ಮರಗಟ್ಟಿದೆ" ಎಂದು ಎದ್ದಳು. ಎರಡನೇ ದಿನವೂ ಅದೇ ಕಥೆ. ಮೂರನೇ ದಿನ ಬರಲೇ ಇಲ್ಲ. ಆ ಖಾಲಿ ಕುರ್ಚಿಗೆ ಬೆನ್ನು ಹಾಕಿ ಟಿವಿ ಹಚ್ಚಿದೆ.

ಭಾನುವಾರ ಅವಳು ಇಗರ್ಜಿಗೆ ಹೋದಾಗ ನನ್ನ ಒಂದು ಜೊತೆ ಉಣ್ಣೆಯ ಕಾಲುಚೀಲ ಸುತ್ತಿ ತೂತಿಗೆ ತುರುಕಿದೆ. ಒಂದು ಸಂಜೆ ಮಾತ್ರ, ಏನಾದೀತು?

ಸಂಜೆ ಕೋಣೆ ಕಾದ ಬಾಣಲೆ. "ಇವತ್ತು ಪರವಾಗಿಲ್ಲ ಕಣೋ" ಎಂದು ಮ್ಯೂರಿಯಲ್ ಕುರ್ಚಿ ಹತ್ತಿರ ಎಳೆದುಕೊಂಡಳು. ಚಹಾ ಕುಡಿದಳು. ಅರ್ಧ ಗಂಟೆಯಾಗಿರಬಹುದು, ಮೆಲ್ಲಗೆ ನನ್ನ ಹೆಗಲಿಗೆ ತಲೆ ಒರಗಿಸಿದಳು. ಇಪ್ಪತ್ತು ವರ್ಷದ ಮೇಲೆ! ನನ್ನ ಕಣ್ಣು ತುಂಬಿಬಂತು. ತಲೆ ಧಿಮ್ಮೆನ್ನುತ್ತಿತ್ತು, ಸುಖಕ್ಕೆ ಹೀಗೇ ಆಗುತ್ತದೇನೋ ಎಂದುಕೊಂಡೆ.

ಆಗ ಅಲಾರಂ ಕಿರುಚಿತು.

ಶಬ್ಬೀರ್ ಹೇಳಿಕೊಟ್ಟಿದ್ದಂತೆ ಒಲೆ ಆರಿಸಿ, ಕಿಟಕಿ ತೆರೆದು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡಿದೆವು. ಎದುರುಮನೆಯ ಪರದೆಗಳೆಲ್ಲ ಅಲ್ಲಾಡಿದವು. ಫೋನು ಮಾಡಿದ್ದಕ್ಕೆ ಶಬ್ಬೀರ್ ಊಟ ಬಿಟ್ಟು ಬಂದ. ಒಳಗೆ ಹೋಗಿ, ಗ್ಯಾಸ್ ಬಂದ್ ಮಾಡಿ, ನನ್ನ ಕಾಲುಚೀಲವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ಹೊರಗೆ ಬಂದ.

"ಯಜಮಾನ್ರೇ, ಅಲಾರಂ ಇಲ್ದಿದ್ರೆ ನಾಳೆ ನಿಮ್ಮಿಬ್ರನ್ನೂ ಹೊತ್ಕೊಂಡು ಹೋಗ್ಬೇಕಿತ್ತು. ತಲೆ ಸುತ್ತಿತ್ತಾ? ತೂಕಡಿಕೆ? ಕತ್ತು ನಿಲ್ತಾ ಇರ್ಲಿಲ್ವಾ?"

"ಹೂಂನಪ್ಪ" ಎಂದಳು ಮ್ಯೂರಿಯಲ್. "ಕತ್ತೇ ನಿಲ್ಲದೆ ಇವನ ಮೇಲೆ ಬಿದ್ಬಿಟ್ಟೆ."

ಆಸ್ಪತ್ರೆಯವರು ರಕ್ತ ನೋಡಿ, ಭಯವಿಲ್ಲವೆಂದು ಕಳಿಸಿದರು. ಭಯ ಹೋಯಿತು, ದುಃಖ ಹೋಗಲಿಲ್ಲ. ಮರುದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ.

"ಮ್ಯೂರಿಯಲ್, ನಿನ್ನೆ ನನ್ನ ಹೆಗಲಿಗೆ ಒರಗಿದ್ದು... ಬರೀ ಗ್ಯಾಸಿಂದಾನಾ?"

ಅವಳು ಪದಬಂಧದಿಂದ ತಲೆಯೆತ್ತಲಿಲ್ಲ.

"ಇದಕ್ಕೋಸ್ಕರ ಒಲೆ ತಂದ್ಯಾ?"

"ಹೂಂ."

"ಗೋಡೆ ಕೊರೆಸ್ದೆ. ನನ್ನನ್ನ ಸಾಯಿಸೋಕೆ ಹೊರಟೆ. ಎಲ್ಲಾ ಆ ಹೆಗಲಿಗೋಸ್ಕರ."

"ಹೂಂ ಕಣೇ."

"ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದ್ದೀನಿ, ಹನ್ನೆರಡು ಹೆಜ್ಜೆ ದೂರ. ಆ ಹೆಗಲಿಗೆ ಕಾಲಿರ್ಲಿಲ್ವೇನೋ?"