ತೂಕ ನೋಡಿ ಆರಿಸಿದ ಐರಿಷ್ ಕೊಳಲು

ಮಾನ ಕಳೆದುಕೊಳ್ಳಲು ಕೆಲವರು ದೊಡ್ಡ ದೊಡ್ಡ ಕೆಲಸಗಳಿಗೆ ಕೈ ಹಾಕಬೇಕಾಗುತ್ತದೆ. ನನಗೆ ಅಷ್ಟು ಶ್ರಮ ಬೇಕಾಗಿಲ್ಲ. ಒಂದು ಕೊಳಲು ಆರಿಸಿಕೊಂಡರೂ ಸಾಕು, ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಸಮನಾಗಿ ಹೋಗುತ್ತದೆ. ತೊಂಬತ್ತರ ದಶಕದಲ್ಲಿ, ನಾನು ರೇಷ್ಮೆ ಇಲಾಖೆಯ ಕೆಲಸದ ಮೇಲೆ ಈ ಮೂರು ಊರುಗಳ ಸುತ್ತ ತಿರುಗುತ್ತಿದ್ದಾಗ ಹೋದದ್ದು ಹೀಗೆ.

೧. ಅಂಗೈ ಪರೀಕ್ಷೆ

ನಮ್ಮ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಐರ್ಲೆಂಡಿನ ಸಿಸ್ಟರ್ ಒಬ್ಬರಿದ್ದರು. ಹೆರಿಗೆ ವಾರ್ಡು ಅವರದು. ನನ್ನ ಮಕ್ಕಳಿಬ್ಬರೂ ಹುಟ್ಟಿದ ಕೂಡಲೇ ಮೊದಲು ನೋಡಿದ್ದು ಅವರ ಮುಖವನ್ನೇ. ಆ ವರ್ಷದ ದಸರಾ ಮುಗಿಯುತ್ತಲೇ ಅವರು ಕೆಲಸ ಬಿಟ್ಟು ತಮ್ಮ ಊರಿಗೆ ಹೊರಡುವವರಿದ್ದರು.

'ಓಗೋ ಮುಂಚೆ ನಮ್ಮೂರಿನ ಒಂದು ಹಾಡು ಈ ಊರಿನವರ ಕೈಲಿ ಕೇಳ್ಬೇಕು ಕಣಪ್ಪ' ಎಂದರು ಒಮ್ಮೆ.

ಶನಿವಾರದ ಭಜನೆಗೆ ಕೊಳಲು ಊದುತ್ತಿದ್ದ ನಾನು, ಯಾರೂ ಕೇಳದಿದ್ದರೂ, 'ಅದು ನನಗೆ ಬಿಡಿ ಸಿಸ್ಟರ್' ಎಂದುಬಿಟ್ಟೆ. ಬೀಳ್ಕೊಡುಗೆಯ ದಿನ ಎಲ್ಲರೆದುರು ಊದುವುದೆಂದು ಗೊತ್ತಾಯಿತು.

ಬೇಸಿಗೆಯಲ್ಲಿ ಅವರ ತಮ್ಮ ಬಂದ. ಮೂರು ಲೋ ವಿಸಲ್ ತಂದಿದ್ದ, ಒಂದು ನನಗೆ. ಲೋ ವಿಸಲ್ ಎಂದರೆ ಅವರ ಹಳ್ಳಿ ಸಂಗೀತದ ದಪ್ಪ ದನಿಯ ಕೊಳಲು. ಅಲ್ಯೂಮಿನಿಯಂ ಕೊಳವೆ, ಆರು ತೂತು, ತುದಿಯಲ್ಲಿ ಊದಲು ಒಂದು ಸಣ್ಣ ಸೀಳು, ಸೀಳಿನ ಕೆಳಗೆ ಗಾಳಿ ಹೊರಬರುವ ಕಿಂಡಿ. ನಮ್ಮ ಕೊಳಲಿನಂತೆ ಅಡ್ಡ ಹಿಡಿಯುವುದಲ್ಲ, ನಾಗಸ್ವರದಂತೆ ನೆಟ್ಟಗೆ. ಆತ ಮೂರನ್ನೂ ಊದಿ ತೋರಿಸಿ, 'ಬೆರಳು ಎಟಕುತ್ತದಾ, ಉಸಿರು ಸಾಕಾಗುತ್ತದಾ, ಊದಿ ನೋಡಿ ಆರಿಸಿಕೊಳ್ಳಲಿ. ಹೊಸಬರಿಗೆ ಚಿಕ್ಕದೇ ಒಳ್ಳೆಯದು' ಎಂದ. ಸಿಸ್ಟರ್ ಅದನ್ನು ಕನ್ನಡಕ್ಕೆ ತಂದರು.

ಊದಿ ನೋಡುವುದು ಹೇಗೆ? ಮೂರೂ ಅವನ ಎಂಜಲು. ಒರೆಸಿಕೊಂಡರೆ ಅವನಿಗೆ ಬೇಜಾರು, ಒರೆಸದಿದ್ದರೆ ನನಗೆ. ಆದ್ದರಿಂದ ಕೊಳ್ಳೇಗಾಲದವನಾಗಿ ನನಗೆ ಗೊತ್ತಿದ್ದ ಇನ್ನೊಂದು ಪರೀಕ್ಷೆ ಮಾಡಿದೆ. ರೇಷ್ಮೆ ಸೀರೆಯನ್ನು ನಾವು ಅಂಗೈ ಮೇಲಿಟ್ಟು ತೂಗುತ್ತೇವೆ. ಭಾರವಿದ್ದರೆ ಒಳ್ಳೆಯ ಮಾಲು. ಮೂರನ್ನೂ ತೂಗಿದೆ. ಜೊತೆಗೆ ಬಂದಿದ್ದ ಹೆಂಡತಿಯೂ ತೂಗಿ, 'ಇದೇ ಗಟ್ಟಿ ಕಣ್ರೀ' ಎಂದು ಎಲ್ಲಕ್ಕಿಂತ ದೊಡ್ಡದನ್ನು ನನ್ನ ಕೈಗಿಟ್ಟಳು.

ಆತ ಅಕ್ಕನ ಕಿವಿಯಲ್ಲಿ ಏನೋ ಅಂದ. ಏನೆಂದು ಕೇಳಿದೆ.

'ಏನಿಲ್ಲ ಕಣಪ್ಪ. ಈ ಊರಿನವರು ಸಂಗೀತಾನ ಕೈಯಲ್ಲಿ ಕೇಳ್ತಾರಾ ಅಂತ ಕೇಳ್ದ.'

೨. ಕಷಾಯ

ಆತ ಹಾಡನ್ನು ಒಂದು ಕ್ಯಾಸೆಟ್ಟಿಗೆ ಊದಿ ಕೊಟ್ಟು ಹೋದ. ನಾನು ಸಂಜೆ ಹೊತ್ತು ಅಭ್ಯಾಸಕ್ಕೆ ಕೂತೆ. ತೂತುಗಳು ಒಂದಕ್ಕೊಂದು ಜಗಳವಾಡಿಕೊಂಡವರ ಹಾಗೆ ದೂರ ದೂರ ಇದ್ದವು. ಬೆರಳ ತುದಿಯಿಂದಲ್ಲ, ಬೆರಳ ನಡುವಿನಿಂದ ಮುಚ್ಚಬೇಕೆಂಬುದು ತಿಳಿದದ್ದು ಬಹಳ ತಡವಾಗಿ. ಉಸಿರಂತೂ ಒಂದು ಸಾಲಿನ ಅರ್ಧಕ್ಕೇ ಮುಗಿದು ಕಣ್ಣು ಕತ್ತಲೆ ಬರುತ್ತಿತ್ತು.

ಪಕ್ಕದ ಮನೆಯ ಅಜ್ಜಿ ಲೋಟದಲ್ಲಿ ಕಷಾಯ ಹಿಡಿದು ಬಂದರು.

'ಯಾರ್ಗವ್ವ ಉಬ್ಸ? ಸಂಜೆಯಿಂದ ಎಳೀತಾನೇ ಐತಲ್ಲ, ಪಾಪ.'

ನನ್ನ ಹೆಂಡತಿ ಒಂದು ಗಳಿಗೆ ಯೋಚಿಸಿ, 'ನಮ್ಮೆಜಮಾನ್ರಿಗೆ ಅಜ್ಜಿ' ಎಂದಳು.

ಆಮೇಲೆ ಕೇಳಿದ್ದಕ್ಕೆ, 'ಉಬ್ಬಸ ಯಾರ್ಗಾದ್ರೂ ಬರುತ್ತೆ. ಈ ವಯಸ್ಸಲ್ಲಿ ಪೀಪಿ ಊದ್ತಾರೆ ಅಂದ್ರೆ ನಾನು ನಲ್ಲಿ ಹತ್ರ ಮುಖ ಎತ್ಕೊಂಡು ನಿಂತ್ಕೊಳ್ಳೋದು ಬ್ಯಾಡ್ವಾ?' ಎಂದಳು.

ದಿನಾ ಕಷಾಯ ಬಂತು. ಖಾಲಿಯಾಗುವವರೆಗೂ ಅಜ್ಜಿ ಎದುರಿಗೇ ಕೂತಿರುತ್ತಿದ್ದರು. ಒಂದು ಸಂಜೆ, ಮೊದಲ ಬಾರಿಗೆ, ಪಲ್ಲವಿ ಪೂರ್ತಿ ಬಂತು. ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು. ಮುಖ ಅರಳಿತು.

'ಇವತ್ತು ಕಫ ಸಡ್ಲ ಆಗೈತೆ ನೋಡು.'

ನನ್ನ ಐರಿಷ್ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಇದು.

೩. ಚೆಕ್‌ಪೋಸ್ಟ್

ಹೀಗಾಗಿ ಅಭ್ಯಾಸವನ್ನು ಊರ ಹೊರಗಿಟ್ಟುಕೊಳ್ಳೋಣವೆಂದು, ಹನೂರಿನ ಹತ್ತಿರದ ಬಂಡಳ್ಳಿಗೆ ಕೆಲಸದ ಮೇಲೆ ಹೊರಟಾಗ ಕೊಳಲನ್ನು ಬಗಲಿಗೆ ಹಾಕಿಕೊಂಡೆ. ಆ ಕಾಲದಲ್ಲಿ ಹನೂರಿನ ಸುತ್ತ, ಕಾಡುಗಳ್ಳರ ಕಾರಣಕ್ಕೆ, ಬಸ್ಸುಗಳನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಅಂಥ ರಸ್ತೆಯಲ್ಲಿ ನಾನು ಉದ್ದನೆಯ ಲೋಹದ ಕೊಳವೆಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತಿದ್ದೆ.

'ಏನ್ರೀ ಇದು, ಕೋವಿ ನಳಿಗೆ?' ಎಂದರು ಪೇದೆ.

'ಕೊಳಲು ಸಾರ್. ಐರ್ಲೆಂಡಿನದು.'

'ಕೊಳ್ಲು ಬಿದಿರಲ್ಲಿರ್ತದೆ. ಇಳೀರಿ. ಊದಿ ನೋಡಾನ.'

ಬಸ್ಸಿನ ಕಿಟಕಿಗಳೆಲ್ಲ ತಲೆಗಳಿಂದ ತುಂಬಿಕೊಂಡವು. ನಾನು ಊದಿದೆ. ಹೆದರಿಕೆಗೆ ಒಂದು ತೂತೂ ಸರಿಯಾಗಿ ಮುಚ್ಚಲಿಲ್ಲ. ವೆಯ್ಟ್ ಹಾಕದ ಕುಕ್ಕರಿನಿಂದ ಬರುವಂಥದ್ದು ಏನೋ ಬಂತು.

'ಇದು ಕೊಳ್ಲಲ್ಲ' ಎಂದರು ಪೇದೆ. ಕೇಳಿದ ಯಾರೂ ಬೇರೆ ತೀರ್ಪು ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಕಿಟಕಿಯಿಂದ ಬಂಡಳ್ಳಿಯ ರೈತನೊಬ್ಬ ಕೂಗಿದ. 'ಬುಡಿ ಸಾ! ಅವ್ರು ರೇಸ್ಮೆ ಸಾಹೇಬ್ರು. ಹುಳಿನ್ ಮನೆಗೆ ಪುಡಿ ಊದೋ ಪೈಪು ಅದು!'

'ಹೌದೇನ್ರೀ?'

ಇಡೀ ಬಸ್ಸು ನನ್ನ ಮುಖ ನೋಡುತ್ತಿತ್ತು. ಎಲ್ಲರೂ ಊರು ಸೇರಬೇಕಿತ್ತು. 'ಹೌದು' ಎಂದೆ.

'ಮೊದ್ಲೇ ನಿಜ ಹೇಳೋಕೇನು ದಾಡಿ?' ಎಂದು ಪೇದೆ ಬಿಟ್ಟರು.

ಬಂಡಳ್ಳಿಯಲ್ಲಿ ಇಳಿದ ಕೂಡಲೇ ಆ ರೈತ ಕೈ ಹಿಡಿದುಕೊಂಡ. 'ಪೈಪ್ ತಂದೇ ಇದೀರಿ, ನಮ್ ಹುಳಕ್ಕೂ ವಸಿ ಸುಣ್ಣದ ಪುಡಿ ಊದ್ಬುಟ್ಟು ಓಗಿ ಸಾ.' ತಪ್ಪಿಸಿಕೊಳ್ಳುವಂತಿರಲಿಲ್ಲ. ಹುಳು ಮೇಯುವ ತಟ್ಟೆಯಿಂದ ತಟ್ಟೆಗೆ ಊದುತ್ತಾ ಹೋದೆ. ಆ ಕೆಲಸದಲ್ಲಿ ಮಾತ್ರ ಲೋ ವಿಸಲ್ ಒಂದು ಅಪಸ್ವರವನ್ನೂ ಹೊರಡಿಸಲಿಲ್ಲ.

೪. ಜ್ವರ

ಯಳಂದೂರಿನ ಪ್ರಸಂಗ ಚಿಕ್ಕದು. ಅಲ್ಲಿನ ರೈತರೊಬ್ಬರ ಹುಳುಮನೆಯ ಜಗಲಿಯಲ್ಲಿ ಕೂತು ಒಂದಿಷ್ಟು ಊದಿ ಬಂದಿದ್ದೆ. ಮರುದಿನ ಅವರು ದಾರಿಯಲ್ಲೇ ಅಡ್ಡಗಟ್ಟಿದರು.

'ನೀವು ಊದಿದ್ ಮ್ಯಾಲೆ ಹುಳ ಸೊಪ್ಪೇ ಮುಟ್ನಿಲ್ಲ ಸಾ.'

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾನು ಇಲಾಖೆಯ ಗಾಂಭೀರ್ಯದಿಂದ ವಿವರಿಸಿದೆ. 'ಅದು ಜ್ವರ ಕಣ್ರೀ. ಸಹಜ.'

'ಜ್ವರ ಅಂತ ನಂಗೂ ಗೊತ್ತು ಸಾ. ನಾಳೀಕೆ ಕೂರ್ಬೇಕಾಗಿತ್ತು. ನಿಮ್ ಸದ್ದು ಕೇಳಿ ಇವತ್ತೇ ಕೂತ್ಗಂಡ್ವು.'

೫. ಬೀಳ್ಕೊಡುಗೆ

ಇಷ್ಟೆಲ್ಲ ಆದರೂ ದಸರಾ ಹೊತ್ತಿಗೆ ಹಾಡು ನನಗೆ ನಿಜವಾಗಿಯೂ ಬಂದಿತ್ತು. ಮೊದಲಿನಿಂದ ಕೊನೆಯವರೆಗೆ, ಉಸಿರು ತಪ್ಪದೆ. ಇದನ್ನು ಯಾರೂ ನಂಬುವುದಿಲ್ಲ, ಕಾರಣ ಮುಂದಿದೆ.

ಬೀಳ್ಕೊಡುಗೆ ವಿಜಯದಶಮಿಯ ಸಂಜೆ. ಹಿಂದಿನ ದಿನ ಆಯುಧಪೂಜೆ. ಹಬ್ಬಕ್ಕೆ ಬಂದಿದ್ದ ನಮ್ಮ ಅತ್ತೆ, ಮನೆಯಲ್ಲಿದ್ದ ಲೋಹದ್ದೆಲ್ಲವನ್ನೂ ಸಾಲಾಗಿ ಇಟ್ಟರು. ಈಳಿಗೆ ಮಣೆ, ಹೊಲಿಗೆ ಮೆಷೀನು, ನನ್ನ ಸ್ಕೂಟರಿನ ಪಾನಾ, ಅವುಗಳ ನಡುವೆ ಲೋ ವಿಸಲ್. ಎಲ್ಲಕ್ಕೂ ವಿಭೂತಿ ಬಳಿದರು. ಕುಂಕುಮ ಇಡಲು ಕೊಳಲಿನ ಮುಖ ಯಾವುದೆಂದು ತಿರುಗಿಸಿ ತಿರುಗಿಸಿ ನೋಡಿ, ಗಾಳಿಯ ಕಿಂಡಿಯನ್ನು ಕಂಡು, 'ಇಲ್ಲೈತೆ ಬಾಯಿ' ಎಂದು ಅದರೊಳಕ್ಕೆ ಧಾರಾಳವಾಗಿ ತುಂಬಿದರು.

'ಅತ್ತೆ, ಅದು...' ಎಂದೆ.

'ಪೂಜೆಗಿಟ್ಟ ಆಯ್ದನ ನಾಳೆಗಂಟ ಮುಟ್ಬಾರ್ದು ಕಣಪ್ಪ' ಎಂದರು. ಅತ್ತೆಗೆ ಎದುರಾಡುವುದು ನಮ್ಮಲ್ಲಿಲ್ಲ. ಮರುದಿನ ಹೊರಡುವ ಗಡಿಬಿಡಿಯಲ್ಲಿ ಹೊರಗಿನಿಂದ ಒರೆಸಿಕೊಂಡೆ. ಒಳಗೂ ಒಂದು ಲೋಕವಿದೆ ಎಂಬುದು ಹೊಳೆಯಲಿಲ್ಲ.

ಆಸ್ಪತ್ರೆಯ ಅಂಗಳದ ತುಂಬ ಸಿಸ್ಟರ್ ಕೈಯಲ್ಲಿ ಹೆತ್ತ ತಾಯಂದಿರು. ಸಿಸ್ಟರ್ ಬಿಳಿ ಬಟ್ಟೆಯಲ್ಲಿ, ಮುಂದಿನ ಕುರ್ಚಿಯಲ್ಲಿ. ಯಾರೋ ನನ್ನ ಹೆಸರು ಕೂಗಿದರು. ನಾನು ಅವರೆದುರು, ಎರಡು ಮಾರು ದೂರದಲ್ಲಿ ನಿಂತೆ. ಅವರು ಕಣ್ಣು ಮುಚ್ಚಿಕೊಂಡರು.

ಊದಿದೆ. ದನಿ ಬರಲಿಲ್ಲ. ಇನ್ನೊಮ್ಮೆ ಊದಿದೆ. ಇಲ್ಲ. ತಿಂಗಳುಗಟ್ಟಲೆ ಕಷಾಯ ಕುಡಿದು ಬೆಳೆಸಿದ ಉಸಿರೆಲ್ಲವನ್ನೂ ಒಟ್ಟು ಮಾಡಿ ಮೂರನೆಯ ಸಲ ಊದಿದೆ.

ಕಿಂಡಿಯಿಂದ ಕೆಂಪು ಮೋಡವೊಂದು ಎದ್ದು ನೇರವಾಗಿ ಹೋಗಿ ಸಿಸ್ಟರ್ ಮೇಲೆ ಇಳಿಯಿತು. ಹಣೆ, ಕೆನ್ನೆ, ಬಿಳಿ ಬಟ್ಟೆ, ಎಲ್ಲ ಕುಂಕುಮ. ಅದರ ಹಿಂದೆಯೇ ಒಂದಿಷ್ಟು ವಿಭೂತಿ.

ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅದೂ ಹಬ್ಬದ ರಜೆಯಲ್ಲಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು.

'ಅಯ್ಯೋ, ನಮ್ಗೇ ಹೊಳೀನಿಲ್ವಲ್ರವ್ವಾ! ತವ್ರಿಂದ ಓಗೋ ಹೆಣ್ಮಗಳಿಗೆ ಕುಂಕ್ಮ ಇಡ್ದೆ ಕಳ್ಸೋದುಂಟಾ? ಸಾಹೇಬ್ರು ಗಂಡಸಾಗಿ ಗ್ಯಾಪ್ಕ ಮಾಡಿದ್ರು ನೋಡಿ!'

ಅಷ್ಟೇ. ಹೆಂಗಸರೆಲ್ಲ ಎದ್ದು ಬಂದರು. ತಮ್ಮ ಮುಡಿಯ ಹೂವು ತೆಗೆದು ಸಿಸ್ಟರ್ ಕೈಗಿಟ್ಟರು, ಅಪ್ಪಿಕೊಂಡರು, ಅತ್ತರು. ಅಳುವಿನ ನಡುವೆ ಸಿಸ್ಟರ್ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು.

'ಹಾಡು ಎಲ್ಲಪ್ಪ?'

'ಒಳಗೆ ಕಟ್ಕೊಂಡಿದೆ ಸಿಸ್ಟರ್.'

ಅವರ ಭುಜ ಅಲುಗತೊಡಗಿತು. ನಗುತ್ತಿದ್ದರು. ಅಳುತ್ತಿದ್ದಾರೆಂದು ತಿಳಿದ ಹೆಂಗಸರು ಇನ್ನೂ ಜೋರಾಗಿ ಅತ್ತರು. 'ನಮ್ಮ ತಮ್ಮ ಚಿಕ್ಕದು ತಗೋ ಅಂದಿದ್ದ' ಎಂದರು ಸಿಸ್ಟರ್, ಕಣ್ಣೊರೆಸಿಕೊಳ್ಳುತ್ತಾ. ಕೆನ್ನೆಯ ಕುಂಕುಮವನ್ನು ಮಾತ್ರ ಒರೆಸಿಕೊಳ್ಳಲಿಲ್ಲ. ಹಾಗೆಯೇ ಕಾರು ಹತ್ತಿದರು.

ಈಗಲೂ ಕೊಳ್ಳೇಗಾಲದ ಪೇಟೆಯಲ್ಲಿ ಯಾರಾದರೂ ನಿಲ್ಲಿಸುತ್ತಾರೆ. 'ಎಂಥಾ ಯೋಚ್ನೆ ಸಾ ನಿಮ್ದು! ಕೊಳ್ಲಲ್ಲೇ ಕುಂಕ್ಮ ಇಟ್ಟು ಕಳ್ಸುದ್ರಲ್ಲ!' ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತೇನೆ.

'ನೋಡ್ಲಾ' ಎನ್ನುತ್ತಾರೆ ಪಕ್ಕದವರಿಗೆ, 'ಎಷ್ಟು ವಿನಯ.'